ಶಾಮನೂರಿನ ಉಂಡೆ ಶೆಡ್ಡಿಗೆ ಬಿದ್ದ ಬೆಂಕಿ

ಮಾರ್ಚ್ ಹನ್ನೊಂದರ ಬೆಳಗ್ಗೆ ದಾವಣಗೆರೆಯ ಠಾಣೆಗೆ ದೂರು ಕೊಡಲು ಬಂದ ಎಂಜಿನಿಯರ್ ರವಿಚಂದ್ರನ ಅಂಗಿ ಇನ್ನೂ ಹೊಗೆ ನಾರುತ್ತಿತ್ತು. ಶಾಮನೂರಿನಾಚೆ ಅವನ ಘಟಕದಲ್ಲಿ ಚರಂಡಿ ಕೆಸರನ್ನು ಒಣಗಿಸಿ ಒಲೆಗೆ ಉರುವಲು ಉಂಡೆ ಮಾಡುತ್ತಿದ್ದರು. ಹಿಂದಿನ ಸಂಜೆ ಉಂಡೆಗಳಿದ್ದ ಶೆಡ್ಡು ಸುಟ್ಟು, ಒಳಗೆ ಮಲಗಿದ್ದ ಕಾವಲುಗಾರ ಗುತ್ತೆಪ್ಪ ಆಸ್ಪತ್ರೆ ಸೇರಿದ್ದ.

ಇನ್‌ಸ್ಪೆಕ್ಟರ್ ಕಲ್ಲೇಶಪ್ಪ ಎಫ್‌ಐಆರ್ ದಾಖಲಿಸಿ, ಪಂಚರೊಂದಿಗೆ ಸ್ಥಳಕ್ಕೆ ಹೋದರು. ಬೂದಿಯಲ್ಲಿ ತಂತಿಯ ಸುರುಳಿಗಳು ಸಿಕ್ಕವು. ಟೈರ್ ಸುಟ್ಟರೆ ಉಳಿಯುವ ತಂತಿ. ಪಂಚನಾಮೆ ಮುಗಿದರೂ ಅವರಿಗೆ ಸಮಾಧಾನವಾಗಲಿಲ್ಲ. ಒಲೆಗೆ ಹಳೇ ಟೈರ್ ಉರಿಸಿ ಮಂಡಕ್ಕಿ ಹುರಿಯುವ ಭಟ್ಟಿಗಳು ಊರಲ್ಲಿ ಒಂದೇ ಎರಡೇ?

ಆಸ್ಪತ್ರೆಯಲ್ಲಿ ಗುತ್ತೆಪ್ಪನನ್ನು ಕೇಳಿದರು.

"ಹಚ್ಚಿದ್ದು ಯಾರು?"

"ನೋಡ್ಲಿಲ್ಲ ಸಾರ್. ಯಾರೋ ಒಬ್ಬ ಒಳಗೆ ನುಗ್ಗಿ ನನ್ನ ಹೊರಗೆ ಎಳೆದು ಹಾಕಿದ."

"ಆಮೇಲೆ?"

"ಓಡಿಹೋದ. ಅಳ್ತಿದ್ದ ಸಾರ್."

ಕಲ್ಲೇಶಪ್ಪ ಕೂತಲ್ಲಿ ಕೂರಲಾರದೆ ವರಾಂಡದಲ್ಲಿ ಓಡಾಡಿದರು. ಸಹಾಯಕ್ಕೆ ಬಂದವನು ಓಡುವುದೇಕೆ? ಅವನ ಕೈಯಂತೂ ಸುಟ್ಟಿರಲೇಬೇಕು. ಕಾನ್‌ಸ್ಟೆಬಲ್ ಶಾಹಿಸ್ತಾ ಒಂದೊಂದೇ ಕ್ಲಿನಿಕ್ಕಿಗೆ ಫೋನ್ ಹಚ್ಚಿದಳು. ಮಧ್ಯಾಹ್ನ ಉತ್ತರ ಸಿಕ್ಕಿತು.

"ಸಾರ್, ಹರಿಹರದಾಗೆ ಒಬ್ಬ ಎರಡೂ ಅಂಗೈ ಸುಟ್ಕಂಡು ಬಂದಿದ್ನಂತೆ. ಹಾಲಸ್ವಾಮಿ. ಮಂಡಕ್ಕಿ ಭಟ್ಟಿ ಐತಂತೆ."

ಹೆಸರು ಕೇಳಿ ರವಿಚಂದ್ರ ನಂಬಲಿಲ್ಲ. "ನಮ್ಮ ಉಂಡೆ ಮೊದಲು ಒಲೆಗೆ ಹಾಕಿದೋನೇ ಅವನು."

ಹರಿಹರದಲ್ಲಿ ತಂಗಿ ಲಕ್ಷ್ಮೀದೇವಿಯ ಮನೆಯಲ್ಲಿ ಹಾಲಸ್ವಾಮಿ ಸಿಕ್ಕ. ತಂಗಿ ಅವನಿಗೆ ಅನ್ನ ಕಲಸಿ ತುತ್ತು ಕೊಡುತ್ತಿದ್ದಳು. ಪೊಲೀಸರನ್ನು ಕಂಡರೂ ಅವನು ಏಳಲಿಲ್ಲ.

"ಗುತ್ತೆಪ್ಪ ಉಳಿದಾನೇನ್ರಿ?"

"ಉಳಿದಾನೆ. ಯಾಕ ಹಚ್ಚಿದೆ?"

"ಒಳಗೆ ಮನುಷ್ಯ ಇದ್ದಾನಂತ ಗೊತ್ತಿರ್ಲಿಲ್ರಿ. ಉಂಡೆನೇ ಇಲ್ದಂಗಾದ್ರೆ, ನಾನು ಅದನ್ನ ಒಲೆಗೆ ಹಾಕಿದ್ದನ್ನೂ ಜನ ಮರೀತಾರೆ ಅನ್ಕಂಡೆ."

ಅವನನ್ನು ದಸ್ತಗಿರಿ ಮಾಡಿ ಜೀಪು ಹತ್ತಿಸಿದರು. ದಾರಿಯುದ್ದಕ್ಕೂ ಅವನೇ ಹೇಳಿದ. ಟೈರ್ ಹೊಗೆ ಕುಡಿದು ಕೆಮ್ಮಿ ಕೆಮ್ಮಿ ಅಪ್ಪ ಸತ್ತಿದ್ದ. ಉಂಡೆಗೆ ಅಷ್ಟು ಹೊಗೆಯಿಲ್ಲವೆಂದು ಇವನು ಖುಷಿಯಿಂದ ಒಪ್ಪಿಕೊಂಡಿದ್ದ. ಆದರೆ ಅವನು ಮಂಡಕ್ಕಿ ಹುರಿಯುವುದು ಚರಂಡಿ ಕೆಸರಿನ ಉಂಡೆಯಿಂದ ಎಂದು ತಿಳಿದ ಬೀಗರು, ಮಗಳ ಸೀಮಂತದ ದಿನ ಎಲೆ ಮುಂದಿನಿಂದ ಎದ್ದರು. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳನ್ನೂ ಕರೆದುಕೊಂಡೇ ಹೋದರು. ಅವನು ಮತ್ತೆ ಟೈರಿಗೇ ಮರಳಿದರೂ ಅವರು ಬಾಗಿಲು ತೆರೆಯಲಿಲ್ಲ.

ಮೊಮ್ಮಗ ಹುಟ್ಟಿ ತಿಂಗಳಾಗಿತ್ತು. ಹಾಲಸ್ವಾಮಿ ಇನ್ನೂ ಮಗುವಿನ ಮುಖ ನೋಡಿರಲಿಲ್ಲ.