ಬುಡಿ ಅಂದ ಮಾತು

"ನಮ್ಮಜ್ಜಿ ಸಾಯ್ಲಿ ಅಂತ ಕಾಯ್ತಿದ್ದೀರೇನ್ರೀ?"

ಗುಂಡ್ಲುಪೇಟೆಯ ಸರ್ವರ್ ಕೋಣೆಯ ಬಾಗಿಲು ತಳ್ಳಿ ಒಳಬಂದ ಶಿವರಂಜನಿ ಆಡಿದ ಮೊದಲ ಮಾತೇ ಅದು!

ಸರ್ವರ್ ನೋಡಿಕೊಳ್ಳುವ ಸೋಮೇಶ್ ತಿರುಗಿ ನೋಡಿದ. ಮೂರು ದಿನ ಫೋನಿನಲ್ಲಿ ಬರೀ ಬೈಗುಳವಾಗಿದ್ದ ದನಿಗೆ ಇಷ್ಟು ಅತ್ತ ಕಣ್ಣುಗಳಿವೆಯೆಂದು ಅವನಿಗೆ ಗೊತ್ತಿರಲಿಲ್ಲ...

ಚಂದಕವಾಡಿಯ ಮನೆಯಲ್ಲಿ ಅಜ್ಜಿ ದೊಡ್ಡಮಲ್ಲಮ್ಮ ಇಂದೋ ನಾಳೆಯೋ ಎಂಬಂತಿದ್ದರು. ತಾವು ಬಾಯಿಪಾಠವಾಗಿ ಹಾಡುತ್ತಿದ್ದ ಶಿವನ ಪದಗಳನ್ನು ಕೇಳುತ್ತಲೇ ಕಣ್ಮುಚ್ಚಬೇಕೆಂಬುದು ಅವರ ಕೊನೆಯ ಆಸೆ. ಅವನ್ನೆಲ್ಲ ರೆಕಾರ್ಡ್ ಮಾಡಿಟ್ಟವಳು ಮೊಮ್ಮಗಳು ಶಿವರಂಜನಿ. ಅವಳು ಕೆಲಸ ಮಾಡುವ ಚಾಮರಾಜನಗರದ ಕಾಲೇಜಿನ ಕಂಪ್ಯೂಟರ್ ಕೆಟ್ಟಿತ್ತು. ನಕಲು ಉಳಿದಿದ್ದುದು ಗುಂಡ್ಲುಪೇಟೆಯ ಈ ಬ್ಯಾಕಪ್ ಸರ್ವರಿನಲ್ಲಿ ಮಾತ್ರ.

"ಲೈನ್ ಚೆನ್ನಾಗೇ ಅದೆ," ಎಂದ ಸೋಮೇಶ್. "ಕೇಬಲ್ಲೂ ಬದಲಾಯ್ಸಿ ನೋಡ್ದೆ. ಬೇರೆ ದೊಡ್ಡ ಫೈಲ್ ನಿಮಿಷದಲ್ಲಿ ಓಯ್ತದೆ, ನಿಮ್ದು ಮಾತ್ರ ತೆವಳ್ತದೆ. ನಲವತ್ತು ಸಾವಿರ ಚೂರು! ಒಂದೊಂದನ್ನೂ ಹುಡುಕಿ ತೆಗೀಬೇಕು. ಯಾರು ಇಂಗೆ ಕತ್ತರ್ಸಿದ್ದು?"

"ನಾನೇ... ಒಂದೊಂದು ಸಾಲೂ ಬೇರೆ ಬೇರೆ ಮಾಡಿದ್ದೆ. ಚೆಂದಾಗಿರ್ಲಿ ಅಂತ."

"ಅಜ್ಜಿನ ಕೊತ್ಮಿರಿ ಸೊಪ್ಪಿನಂಗೆ ಹೆಚ್ಚಾಕ್ಬುಟ್ಟು ನನ್ನ ಬೈತಿದ್ದೀರಲ್ಲ ಮೇಡಂ!"

'ಎಂಥ ಕಲ್ಲು ಮನಸ್ಸು ಇವನದು...' ಅವಳು ಮುಖ ತಿರುಗಿಸಿದಳು.

ಕಲ್ಲು ಮನಸ್ಸಿನವನು ಮಧ್ಯಾಹ್ನದ ಊಟವನ್ನೂ ಮಾಡಲಿಲ್ಲ. ಚೂರುಗಳನ್ನೆಲ್ಲ ಸರ್ವರಿನಲ್ಲೇ ಒಂದು ಕಟ್ಟಾಗಿ ಸೇರಿಸಲು ಹಚ್ಚಿ, ಅದನ್ನು ತುಂಬಿಕೊಂಡು ಹೋಗಲು ಡಿಸ್ಕ್ ತರುತ್ತೇನೆಂದು ಪೇಟೆಗೆ ಓಡಿದ.

ಪರದೆಯಲ್ಲಿ ಶೇಕಡಾ ತೊಂಬತ್ತೆರಡು. ಹತ್ತು ನಿಮಿಷ ಕಳೆದರೂ ಅಂಕಿ ಅಲುಗಲಿಲ್ಲ. ಅವಳು ಗಾಬರಿಯಿಂದ ಫೋನ್ ಮಾಡಿದಳು.

"ನಿಂತೋಗ್ಬುಟ್ಟದೆ ಕಣ್ರೀ! ಏನ್ ಮಾಡ್ಲಿ?"

"ಬುಡಿ ಮೇಡಂ, ಬುಡಿ!"

ಇನ್ನು ಆಸೆ ಬಿಡಿ ಎಂದೇ ಅವಳಿಗೆ ಕೇಳಿಸಿತು. ಅಳುತ್ತಲೇ ರದ್ದು ಒತ್ತಿದಳು.

ಬಂದವನು ಪರದೆ ನೋಡಿ ತಲೆ ಹಿಡಿದುಕೊಂಡ. "ಅದ್ರ ಪಾಡಿಗೆ ಓಡಕ್ಕೆ ಬುಡಿ ಅಂದೆ ಕಣ್ರೀ..."

ಮತ್ತೆ ಮೊದಲಿನಿಂದ. ಒಂದೂವರೆ ಗಂಟೆ!

ಡಿಸ್ಕಿನೊಂದಿಗೆ ಇಬ್ಬರೂ ಹೊರಟ ಬೈಕು ಚಂದಕವಾಡಿಯ ಬೀದಿಗೆ ತಿರುಗುವಾಗಲೇ ಹೆಂಗಸರ ಅಳು ಕೇಳಿಸಿತು. ಅಜ್ಜಿ ಹೋಗಿ ಇಪ್ಪತ್ತು ನಿಮಿಷವಾಗಿತ್ತು.

"ಬಾಗ್ಲನ್ನೇ ನೋಡ್ತಾ ಓಗ್ಬುಟ್ಲು ಕಣಮ್ಮಿ ನಮ್ಮವ್ವ! ಯಾಕ್ ತಡ ಮಾಡ್ದೆ?" ಅಪ್ಪ ಚಿಕ್ಕಮಲ್ಲಪ್ಪ ಗದರಿದರು.

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಸೋಮೇಶ್ ಮುಂದೆ ಬಂದ.

"ನನ್ನಿಂದ ಆಯ್ತು ಸಾರ್. ತಪ್ಪು ನಂದು."

"ಮುಟ್ಟಬೇಡ ಏನ್ನೂ! ನಡಿ ಆಚೆಗೆ!"

'ಹೇಳು... ಈಗಲೇ ಹೇಳು...' ಅವಳ ಮನಸ್ಸು ಕೂಗಿತು. ಅವನು ಡಿಸ್ಕನ್ನು ಜಗುಲಿಯ ಮೇಲಿಟ್ಟು ತಲೆತಗ್ಗಿಸಿ ಹೊರಟುಹೋದ. ಅವಳು ನೋಡುತ್ತಾ ನಿಂತಳು.

ಅಜ್ಜಿಯ ಉತ್ತರಕ್ರಿಯೆಯ ಶಿವಗಣಾರಾಧನೆ ಮುಗಿದ ಮರುದಿನ ಶಿವರಂಜನಿ ಮತ್ತೆ ಸರ್ವರ್ ಕೋಣೆಯ ಬಾಗಿಲಲ್ಲಿದ್ದಳು.

"ರದ್ದು ಒತ್ತಿದ್ದು ನಾನು ಅಂತ ಅಪ್ಪಾಜಿಗೆ ಹೇಳ್ಬುಟ್ಟೆ."

"ಏನಂದ್ರು?"

"ಮಾತೇ ಬುಟ್ಬುಟ್ರು. ನನ್ ಕೈಯಿಂದ ನೀರೂ ಈಸ್ಕೊಳ್ತಿಲ್ಲ."

"ಯಾಕ್ ಹೇಳುದ್ರಿ? ನನ್ ತಲೆ ಮೇಲೇ ಇರ್ತಿತ್ತಲ್ಲ!"

"ದಿನಾ ನಿಮ್ಮನ್ನ ಶಪಿಸೋರು. ಒಂದೊಂದ್ಸಲ ಕೇಳ್ದಾಗ್ಲೂ ನನ್ ಜೀವನೇ ಕಿತ್ತಂಗಾಗೋದು... ಅಷ್ಟು ಬೇಕಾಗ್ಬುಟ್ಟಿದ್ದೀರಿ ನೀವು ನಂಗೆ."

ಅವನು ಮಾಡುತ್ತಿದ್ದ ಕೆಲಸ ಬಿಟ್ಟು ಅವಳತ್ತ ತಿರುಗಿದ.

"ಆ ಡಿಸ್ಕ್ ಕೇಳುದ್ರಾ?"

"ಇಲ್ಲ, ತಂದಿದ್ದೀನಿ. ಒಬ್ಳೇ ಕೇಳಕ್ಕೆ ಭಯ... ಸೋಮೇಶ್."

ಅವನು ಇನ್ನೊಂದು ಕುರ್ಚಿಯನ್ನು ತನ್ನ ಪಕ್ಕಕ್ಕೆ ಎಳೆದ.

"ಬಾ ಕೂತ್ಕೊ, ರಂಜನಿ. ಇಬ್ರೂ ಕೇಳನ."