ಬಸಪ್ಪ ಪಾದ ಕೊಟ್ಟ ತೋಟ

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಅಕ್ಕೂರಿನ ವನಜಾಕ್ಷಿ ಠಾಣೆಯ ಮೆಟ್ಟಿಲು ಹತ್ತಿದಳು. ಹಿಂದಿನ ಸಂಜೆ ಚಿಕ್ಕಪ್ಪ ತಿಮ್ಮಯ್ಯನ ರೇಷ್ಮೆ ತೋಟಕ್ಕೆ ಹೋದ ಗಂಡ ಗಂಗರಾಜು ಮನೆಗೆ ಮರಳಿರಲಿಲ್ಲ. ಕಾನ್‌ಸ್ಟೇಬಲ್ ಕುಸುಮ ದೂರು ಬರೆದುಕೊಂಡಳು.

"ತೋಟಕ್ಕೆ ಯಾಕೆ ಹೋದ?" ಇನ್‌ಸ್ಪೆಕ್ಟರ್ ಶ್ರೀನಿವಾಸ್ ಕೇಳಿದರು.

"ಬುಧವಾರ ಕೋರ್ಟಿನ ಅಮೀನ ಬಂದು ತೋಟ ಬುಡಿಸಿಕೊಡ್ತಾನೆ ಸಾ. ಅದ್ನ ಚಿಕ್ಕಮಾವಂಗೆ ಹೇಳ್ಬುಟ್ಟು ಬತ್ತೀನಿ ಅಂದ್ರು."

"ಡಿಕ್ರಿ ಯಾವಾಗಿನದು?"

"ಎಂಟು ವರ್ಸ ಆಯ್ತು. ನಮ್ಮ ಮಾವ ಗೆದ್ದಿದ್ರು. ಆಮ್ಯಾಕೆ ರಾಜಿ ಆಗಿತ್ತು..." ಅವಳು ಅಲ್ಲಿಗೇ ನಿಲ್ಲಿಸಿದಳು.

ಉಳಿದದ್ದನ್ನು ಕೇಳಿ ಕೇಳಿ ಹೊರಗೆಳೆಯಬೇಕಾಯಿತು. ರೇಷ್ಮೆ ತೋಟ ವನಜಾಕ್ಷಿಯ ಮಾವನಿಗೆಂದು ತೀರ್ಪು ಬಂದ ಮೇಲೆ ಅಣ್ಣತಮ್ಮಂದಿರು ಊರವರ ಮುಂದೆ ಒಂದಾಗಿದ್ದರು. ತಿಮ್ಮಯ್ಯ ತನ್ನ ತೆಂಗಿನ ತೋಟವನ್ನು ಅಣ್ಣನಿಗೆ ಬಿಟ್ಟು ರೇಷ್ಮೆ ತೋಟ ಉಳಿಸಿಕೊಂಡ. ದೇವರ ಬಸಪ್ಪನನ್ನು ಕರೆಸಿದ್ದರು. ಎತ್ತು ತಿಮ್ಮಯ್ಯನ ಅಂಗೈ ಮೇಲೆ ಪಾದವಿಟ್ಟು ದೇವರ ಒಪ್ಪಿಗೆ ಕೊಟ್ಟಿತು. ಬಸಪ್ಪನೇ ಪಾದ ಕೊಟ್ಟ ಮೇಲೆ ಕೋರ್ಟಿನ ಹಂಗೇಕೆಂದು ರಾಜಿಯನ್ನು ಯಾರೂ ಅಲ್ಲಿ ದಾಖಲು ಮಾಡಿಸಲಿಲ್ಲ. ಅಣ್ಣ ತೀರಿಕೊಂಡ. ಮಗ ಗಂಗರಾಜು ಹಳೆಯ ಡಿಕ್ರಿ ಹಿಡಿದು ಹೋದ. ದಾಖಲಾಗದ ರಾಜಿ ಕೋರ್ಟಿನಲ್ಲಿ ನಿಲ್ಲಲಿಲ್ಲ.

ಒಂಬತ್ತಕ್ಕೆ ಜೀಪು ತೋಟ ಮುಟ್ಟಿತು. ತಿಮ್ಮಯ್ಯ ಹುಳದ ಮನೆಯ ಜಗಲಿಯ ಮೇಲೆ ಕುಳಿತಿದ್ದ.

"ಗಂಗರಾಜು ಬಂದಿದ್ನಾ?"

"ಇಲ್ಲ ಸಾಮಿ."

"ನಿನ್ನೆ ಸಂಜೆ ಏನು ಮಾಡ್ತಿದ್ದೆ?"

"ಸೊಪ್ಪು ಕುಯ್ತಿದ್ದೆ."

ಕುಸುಮ ಒಳಗೆ ಹೋಗಿ ನೋಡಿದಳು. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುವ ದೊಡ್ಡ ಹುಳ. ಮೇಯುವ ಸದ್ದು ಜಡಿಮಳೆಯಂತೆ ಕೇಳಬೇಕಿತ್ತು. ಒಂದು ಪಿಸುದನಿಯೂ ಇರಲಿಲ್ಲ. ಖಾಲಿ ಕಡ್ಡಿಗಳ ಮೇಲೆ ಸಾವಿರಾರು ಹುಳ ತಲೆಯೆತ್ತಿ ಆಡಿಸುತ್ತಿದ್ದವು. ತಿಮ್ಮಯ್ಯನ ಹೆಂಡತಿ ಮುನಿತಾಯಮ್ಮ ಅವುಗಳ ನಡುವೆ ಕೈಕಟ್ಟಿ ನಿಂತಿದ್ದಳು.

"ಸೊಪ್ಪು ಹಾಕಿಲ್ವೇನಮ್ಮಾ?"

"ತೋಟದೊಳೀಕೆ ಕಾಲಿಡಬ್ಯಾಡ ಅಂದವ್ರೆ ನಮ್ಮ ಯಜಮಾನ್ರು ಕಣವ್ವ."

ಕುಸುಮ ಹೊರಬಂದು ಮೆಲ್ಲನೆ ಹೇಳಿದಳು. ಶ್ರೀನಿವಾಸ್ ತಿಮ್ಮಯ್ಯನತ್ತ ತಿರುಗಿದರು.

"ಕುಯ್ದ ಸೊಪ್ಪು ಎಲ್ಲಯ್ಯಾ?"

ತಿಮ್ಮಯ್ಯ ತೋಟದ ಕಡೆ ನೋಡಿದ.

ಅದು ತೋಟದ ನಡುವೆ ಇತ್ತು. ಆಳುದ್ದದ ಹಿಪ್ಪುನೇರಳೆ ಸೊಪ್ಪಿನ ಗುಡ್ಡೆ, ರಾತ್ರಿಯಿಂದ ಬಾಡಿ ಜೋತುಬಿದ್ದಿತ್ತು. ಪಂಚರನ್ನು ಕರೆಸಿ ಅವರ ಎದುರೇ ಕಡ್ಡಿ ಸರಿಸಿದರು. ಮೊದಲು ಒಂದು ಚಪ್ಪಲಿ ಕಂಡಿತು. ಆಮೇಲೆ ಅದರೊಳಗಿನ ಕಾಲು.

ಪಂಚನಾಮೆ ಮುಗಿಯುವ ಹೊತ್ತಿಗೆ ನಡುಮಧ್ಯಾಹ್ನ. ಕಾಣೆಯಾದವನ ಪ್ರಕರಣ ಕೊಲೆಯ ಎಫ್‌ಐಆರ್ ಆಯಿತು. ತಿಮ್ಮಯ್ಯ ತಾನಾಗಿಯೇ ಕೈ ಚಾಚಿದ.

"ತೋಟ ಹೋಗುತ್ತೆ ಅಂತ ಹೊಡೆದ್ಯಾ?"

"ಹೋದ್ರೆ ಹೋಗ್ಲಿ, ನನ್ನ ತೆಂಗಿನ ತೋಟನಾರ ವಾಪಸ್ ಕೊಡ್ಲಾ ಅಂದೆ. ನಕ್ಬುಟ್ಟ ಸಾಮಿ. 'ಎತ್ತಿನ ಕಾಲು ಕೋರ್ಟಲ್ಲಿ ನಡೆಯಾಕಿಲ್ಲ ಚಿಕ್ಕಪ್ಪ' ಅಂದ." ಅವನು ಕಂಬಿ ಹಿಡಿದು ಜೀಪು ಹತ್ತಿದ. "ಅವತ್ತು ಬಸಪ್ಪನ ಪಾದ ತೊಳೆದು ನೀರು ತಲೆಗೆ ಹಾಕ್ಕೊಂಡೋನು ಅವ್ನೇಯ."