ನಡುವೆ ಉಳಿಸಿದ ಒಂದು ಮೊಳ

"ಅದನ್ನ ಕೆಳಗ ಇಳಿಸಬ್ಯಾಡ್ರಿ! ಹಂಗ ತಿರುಗಿ ಒಯ್ರಿ!"

ಕುಲಗೋಡದ ರೊಟ್ಟಿ ಶೆಡ್ಡಿನ ಬಾಗಿಲಲ್ಲಿ ನಿಂತು ಸಾಯಿರಾ ಕೂಗಿದ್ದೇ ತಡ, ಒಳಗೆ ರೊಟ್ಟಿ ಬಡಿಯುತ್ತಿದ್ದ ಆರು ಹೆಂಗಸರ ಕೈಗಳು ಒಮ್ಮೆಲೇ ನಿಂತವು.

ಹೊರಗೆ ಟೆಂಪೊದಲ್ಲಿ ತಾಡಪತ್ರಿ ಸುತ್ತಿದ ಒಂದು ಯಂತ್ರ. ಹಗ್ಗ ಬಿಚ್ಚುತ್ತಿದ್ದವನು ತಿರುಗಿ ನೋಡಿದ.

ಅಖ್ತರ!

ಎಡ ಹುಬ್ಬಿನ ಮೇಲೆ ಕುರ್ಪಿ ತಾಗಿದ ಹಳೆಯ ಗಾಯದ ಗುರುತು ಹಾಗೆಯೇ ಇತ್ತು. ಇರದೆ ಏನು? ಕಬ್ಬಿನ ಹೊಲದಲ್ಲಿ ಕಸ ತೆಗೆಯುವಾಗ ಕುರ್ಪಿ ಬೀಸಿ ಆ ಗಾಯ ಮಾಡಿದವಳೇ ಸಾಯಿರಾ. ಅದಕ್ಕಾಗಿ ಎರಡು ದಿನ ಅತ್ತವಳೂ ಅವಳೇ.

ಹನ್ನೊಂದು ವರ್ಷ ಇಲ್ಲದವನು ಈಗ ಯಾಕೆ ಬಂದ?

"ಅರಾಮ ಇದ್ದೀರಿ?" ಎಂದ ಅಖ್ತರ.

ಹೊಲದ ಆ ತುದಿಯಿಂದ "ಏ ಸಾಯಿರಾ!" ಎಂದು ಅರಚುತ್ತಿದ್ದವನ ಬಾಯಲ್ಲಿ ಈ ಮರ್ಯಾದೆಯ ಮಾತು ಕೇಳಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಇದ್ದೀನಿ. ನಿಮ್ಮನ್ನ ಯಾರು ಕರದಾರ?"

ಹಿಂದಿನಿಂದ ಲಕ್ಕವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಮುಂದೆ ಬಂದಳು. ಶೆಡ್ಡು ಶುರುವಾದ ದಿನದಿಂದ ಸಾಯಿರಾಳ ಜೊತೆಗಿದ್ದವಳು ಅವಳು.

"ನಾನ ಫೋನ್ ಮಾಡಿದ್ದೆ ಯವ್ವಾ. ಹಿಟ್ಟು ನಾದಿ ನಾದಿ ನಮ್ಮ ಸಾವಂತ್ರೆವ್ವಗ ತಲಿ ಬಾಚಿಕೊಳ್ಳಾಕ ಕೈ ಏಳವಲ್ತು. ನೀ ಮಣಿಕಟ್ಟಿಗೆ ಕಟ್ಟಿದ ಅರಿವಿ ನಮಗ ಕಾಣಂಗಿಲ್ಲಂತ ತಿಳಕೊಂಡೀಯೇನು?"

ಸಾಯಿರಾ ಬಲಗೈಯನ್ನು ಓಢಣಿಯೊಳಗೆ ಎಳೆದುಕೊಂಡಳು. ನೋವಿದೆ ಎಂದು ಒಪ್ಪಿಕೊಂಡರೆ ಶೆಡ್ಡು ನಡೆಸುವವರಾರು? ಹಾಗಂತ ಯಂತ್ರ ತಂದರೆ ಈ ಆರು ಮಂದಿಯ ಗತಿಯೇನು? ಅವಳ ನಿದ್ದೆ ಕೆಡಿಸಿದ್ದು ಇದೊಂದೇ ಪ್ರಶ್ನೆ. ಮೂಡಲಗಿಯ ಪ್ರದರ್ಶನದಲ್ಲಿ ರೊಟ್ಟಿ ಯಂತ್ರವನ್ನು ಅವಳು ಕಣ್ಣಾರೆ ಕಂಡಿದ್ದಳು. ನಾದುವುದು, ಒತ್ತುವುದು, ಬೇಯಿಸುವುದು ಎಲ್ಲ ಅದೇ ಮಾಡುತ್ತಿತ್ತು. ಪಕ್ಕದಲ್ಲಿ ಒಬ್ಬರು ನಿಂತರೆ ಸಾಕು.

"ಇದು ಬಂದ್ರ ಇವರೆಲ್ಲಾ ತಿರುಗಿ ಕಬ್ಬಿನ ಹೊಲಕ್ಕ ಹೋಗಬೇಕು. ಮೊದಲ ನನ್ನ ಕೆಲಸ ಕಸಗೊಂಡ್ರಿ. ಅದು ಸಾಲಲಿಲ್ಲೇನು?"

ಅಖ್ತರನ ಮುಖ ಬಾಡಿತು. "ಒಂದ್ಸಲ ನೋಡ್ರಿ..."

"ನೋಡೂದಿಲ್ಲ!"

ಅವನು ಟೆಂಪೊ ಚಾಲಕನ ಜೊತೆ ಸೇರಿ ಯಂತ್ರವನ್ನು ಬೇವಿನ ಮರದ ಕೆಳಗಿಳಿಸಿದ. "ಮೂರು ದಿನ ಇಲ್ಲೇ ಇರಲಿ. ಬ್ಯಾಡಂದ್ರ ಬಂದು ಒಯ್ತೇನಿ," ಎಂದಷ್ಟೇ ಹೇಳಿ ಹೊರಟುಹೋದ.

ಹೋಗುವಾಗ ಅವನು ತಿರುಗಿ ನೋಡಲಿಲ್ಲ. ನೋಡಲೇಬಾರದು ಎಂದುಕೊಂಡಿದ್ದ ಸಾಯಿರಾ ಮಾತ್ರ ಟೆಂಪೊ ತಿರುವು ದಾಟುವವರೆಗೆ ನೋಡುತ್ತಲೇ ನಿಂತಿದ್ದಳು.

ಅಂದು ಮಧ್ಯಾಹ್ನ ಕೈ ಹಿಟ್ಟಿನಲ್ಲಿತ್ತು, ಮನಸ್ಸು ಕಬ್ಬಿನ ಹೊಲದಲ್ಲಿತ್ತು.

ಆಗ ಅವಳಿಗೆ ಹದಿನೆಂಟು. ಅಮ್ಮಿ ಜರೀನಾಬಿಯ ಜೊತೆ ಅವಳೂ ಕೂಲಿಗೆ ಹೋಗುತ್ತಿದ್ದಳು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಮೊದಲು ಮುಗಿಸಿದವರು ಸುಮ್ಮನೆ ಕೂರುವ ಹಾಗಿರಲಿಲ್ಲ. ಹಿಂದೆ ಬಿದ್ದವರ ಸಾಲನ್ನು ಇನ್ನೊಂದು ತುದಿಯಿಂದ ಹಿಡಿದು ಕಸ ತೆಗೆಯುತ್ತ ಬರಬೇಕು. ಅದಕ್ಕೆ 'ಎದುರು ಬರೋದು' ಎನ್ನುತ್ತಿದ್ದರು.

ಆದರೆ ಅದಕ್ಕೂ ಒಂದು ಕಟ್ಟಳೆಯಿತ್ತು. ಎದುರು ಬಂದವರು ನಡುವೆ ಒಂದು ಮೊಳ ನೆಲ ಬಿಟ್ಟು ನಿಲ್ಲಬೇಕು. ಆ ಕೊನೆಯ ಮೊಳ ಸಾಲಿನವರದೇ. ಅದನ್ನೂ ತೆಗೆದರೆ 'ಇದು ನಿನ್ನ ಕೈಲಾಗದು' ಎಂದು ಎಲ್ಲರೆದುರು ಹೇಳಿದ ಹಾಗೆ.

ಸಾಯಿರಾಳ ಸಾಲಿಗೆ ದಿನವೂ ಎದುರು ಬರುತ್ತಿದ್ದವನು ಅಖ್ತರ. ಕಬ್ಬಿನ ಗರಿಗಳ ಸಂದಿಯಿಂದ ಮೊದಲು ಅವನ ಕೆಮ್ಮು ಕೇಳುತ್ತಿತ್ತು, ಆಮೇಲೆ ಕುರ್ಪಿಯ ಸದ್ದು, ಆಮೇಲೆ ಆ ನಗು... ಮೊಳದಷ್ಟು ನೆಲ ಬಿಟ್ಟು ಕುಕ್ಕರಗಾಲಲ್ಲಿ ಕೂತು, "ನಿಂದು ನೀ ಮುಗಸು, ಮಹಾರಾಣಿ," ಎನ್ನುತ್ತಿದ್ದ. ಅವಳು ಬೇಕೆಂದೇ ನಿಧಾನ ಮಾಡುತ್ತಿದ್ದಳು. ಆ ಒಂದು ಮೊಳದಲ್ಲಿ ಎಷ್ಟು ಮಾತು, ಎಷ್ಟು ಜಗಳ, ಎಷ್ಟು ಸಂತೋಷ!

ಒಂದು ದಿನ ಮಾತ್ರ ಅವನು ನಿಲ್ಲಲಿಲ್ಲ. ಅವಳ ಕೈ ಮುಟ್ಟುವಷ್ಟು ಹತ್ತಿರ ಬಂದು, ಆ ಮೊಳವನ್ನೂ ತೆಗೆದು, ಮಾತಾಡದೆ ಎದ್ದುಹೋದ. ಕೂಲಿಯವರ ಗುಂಪು ಕಟ್ಟುವ ಸತ್ಯಪ್ಪ ಬದುವಿನ ಮೇಲಿಂದ ನೋಡುತ್ತಿದ್ದ.

ಮರುದಿನ ಸತ್ಯಪ್ಪ, "ನಿನ್ನ ಸಾಲು ಮಂದಿ ಮುಗಸೂದಾದ್ರ ನೀ ಯಾಕ ಬೇಕು? ಮನಿಗೆ ಹೋಗು," ಎಂದುಬಿಟ್ಟ.

ಸಂಜೆ ಅಖ್ತರ ಬಂದು ಬಾಗಿಲು ಬಡಿದ. ಸಾಯಿರಾ ತೆಗೆಯಲಿಲ್ಲ. ವಾರದಲ್ಲೇ ಅವನು ಗೋಕಾಕಕ್ಕೆ ಹೋಗಿ ಯಂತ್ರ ಮಾಡುವ ವರ್ಕ್‌ಶಾಪ್ ಸೇರಿದನೆಂದು ಸುದ್ದಿ ಬಂತು. 'ನನ್ನ ಅನ್ನ ಕಳೆದು ತಾನು ಚಲೋ ಪಗಾರಕ್ಕೆ ಹೋದ,' ಎಂದುಕೊಂಡಳು. ಆ ಹಟದಲ್ಲೇ ಮನೆಯಲ್ಲಿ ರೊಟ್ಟಿ ಬಡಿದು ಮಾರಲು ಶುರು ಮಾಡಿದಳು. ಆ ಹಟವೇ ಈಗ ಶೆಡ್ಡಾಗಿತ್ತು.

ಮೂರನೆಯ ದಿನ ಹುಕ್ಕೇರಿಯ ಮದುವೆ ಮನೆಗೆ ಐದುನೂರು ರೊಟ್ಟಿ ಹೋಗಬೇಕಿತ್ತು.

ಬೆಳಿಗ್ಗೆಯಿಂದ ಹಿಟ್ಟು ನಾದಿ ನಾದಿ ಸಾಯಿರಾಳ ಬೆರಳು ಜೋಮು ಹಿಡಿದಿದ್ದವು. ಹೇಳಿದರೆ ಎಲ್ಲಿ ಲಕ್ಕವ್ವ ಯಂತ್ರದ ಮಾತೆತ್ತುತ್ತಾಳೋ ಎಂದು ಹಲ್ಲು ಕಚ್ಚಿಕೊಂಡು, ಕುದಿಯುವ ಎಸರಿನ ಪಾತ್ರೆಯನ್ನು ಎತ್ತಿದಳು.

ಮಣಿಕಟ್ಟು ಸೋತಿತು. ಪಾತ್ರೆ ಜಾರಿ ನೆಲಕ್ಕೆ ಬಿತ್ತು!

ಕುದಿಯುವ ನೀರು ಸಾವಂತ್ರೆವ್ವನ ಕಾಲಿನ ಬಾಜೂದಿಂದಲೇ ಹರಿದುಹೋಯಿತು.

ಸಾವಂತ್ರೆವ್ವ ಬೈಯಲಿಲ್ಲ. "ಇವತ್ತ ನನ್ನ ಕಾಲು ಉಳದ್ವು ತಂಗಿ. ನಾಳಿಗೂ ಉಳೀತಾವಂತ ಹ್ಯಾಂಗ ಹೇಳ್ತಿ? ನಮ್ಮ ಸಲುವಾಗಿ ಬ್ಯಾಡ ಅಂತಿ, ನಮ್ಮನ್ನ ಒಂದ್ ಮಾತು ಕೇಳಿದ್ಯಾ?" ಎಂದಳು.

ಸಾಯಿರಾ ಕಣ್ಣೊರೆಸಿಕೊಂಡು ಸೀದಾ ಬೇವಿನ ಮರದ ಕೆಳಗೆ ಹೋಗಿ ತಾಡಪತ್ರಿ ಎಳೆದಳು.

ಒಂದು ದೊಡ್ಡ ಬೋಗುಣಿ, ಅದರೊಳಗೆ ಹಿಟ್ಟು ನಾದುವ ಬಾಗಿದ ಕಬ್ಬಿಣದ ತೋಳು, ಕೆಳಗೆ ಮೋಟಾರು. ಅಷ್ಟೇ! ರೊಟ್ಟಿ ಒತ್ತುವ ತಟ್ಟೆ ಇರಬೇಕಾದ ಜಾಗದಲ್ಲಿ ನಾಲ್ಕು ಖಾಲಿ ತೂತುಗಳಿದ್ದವು. ಸಾಯಿರಾ ಆ ತೂತುಗಳ ಮೇಲೆ ಬೆರಳಾಡಿಸಿದಳು. ತಟ್ಟೆಯನ್ನು ಬೇಕೆಂದೇ ಬಿಚ್ಚಿಟ್ಟಿದ್ದಾನಾ?

"ಲಕ್ಕವ್ವಕ್ಕಾ... ಅವಂಗ ಫೋನ್ ಹಚ್ಚು."

ಅಖ್ತರ ಅರ್ಧ ತಾಸಿನಲ್ಲಿ ಬಂದ. ಯಂತ್ರ ಕಟ್ಟಿ ಒಯ್ಯಲು ಹಗ್ಗ ಹಿಡಿದುಕೊಂಡೇ ಬಂದಿದ್ದ, ಪಾಪ!

"ಒತ್ತೂ ತಟ್ಟಿ ಎಲ್ಲಿ?" ಸಾಯಿರಾ ಕೇಳಿದಳು.

"ಬಿಚ್ಚಿ ಇಟ್ಟೇನಿ. ನಾದಿ ನಾದಿ ಕೈ ಹೋಗ್ಯಾವಂತ ಲಕ್ಕವ್ವಕ್ಕ ಅಂದ್ಲು. ಅಷ್ಟ ಮಾಡತೈತಿ ಇದು. ಬಡಿಯೂದು ನಿಮ್ಮದು. ಅದನ್ನ ಮುಟ್ಟಾಕ ನಾ ಯಾರು?"

ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ಅವನೇ ಮುಂದುವರಿಸಿದ. "ಅವತ್ತ ನಿನಗ ಜ್ವರ ಇತ್ತು ಸಾಯಿರಾ. ಕುರ್ಪಿ ಹಿಡಿದ ಕೈ ನಡಗಾಕತ್ತಿತ್ತು. ನೋಡಾಕ ಆಗಲಿಲ್ಲ, ಆ ಮೊಳಾನೂ ತೆಗದೆ. ಆದ್ರ ನಿನ್ನ ಕೇಳಲಿಲ್ಲ. ತಪ್ಪು ನಂದು. ಹನ್ನೊಂದು ವರ್ಷ ಆತು... ಆ ಒಂದು ಮೊಳ ನೆಲ ನನ್ನ ಕಣ್ಣಾಗಿಂದ ಹೋಗವಲ್ತು."

"ಸತ್ಯಪ್ಪಗ ಯಾಕ ಹೇಳಲಿಲ್ಲ?"

"ಹೇಳಿದೆ. ಜಡ್ಡಾದಾಕಿ ನಮಗ ಬ್ಯಾಡ ಅಂದ. ಹಂಗಾದ್ರ ನಾನೂ ಬ್ಯಾಡ ಅಂತ ಹೇಳಿ ಅವತ್ತ ಗುಂಪು ಬಿಟ್ಟೆ. ಅದನ್ನ ಹೇಳಾಕಂತ ನಿಮ್ಮ ಮನಿಗೆ ಬಂದಿದ್ದೆ..."

'ಯಾ ಅಲ್ಲಾ! ನಾನು ತೆಗೆಯದ ಬಾಗಿಲಿನ ಆಚೆ ಇಷ್ಟೆಲ್ಲ ಇತ್ತಾ?'

"ಖರೆ ತಪ್ಪು ನಂದು. ಬಾಗಲಾ ತೆಗೀಬೇಕಿತ್ತು," ಎಂದು ಅವಳು ಅತ್ತೇಬಿಟ್ಟಳು.

"ಅಳೂದು ಆಮ್ಯಾಲ ಅಳು ಯವ್ವಾ, ಗಾಡಿ ನಾಕಕ್ಕ ಬರತೈತಿ!" ಎಂದು ಒಳಗಿನಿಂದ ಲಕ್ಕವ್ವ ಕೂಗಿದಳು.

ಯಂತ್ರ ಗುರ್ರೆಂದಿತು. ಸಾವಂತ್ರೆವ್ವ ಕೈ ಕಟ್ಟಿ ನಿಂತು, ತನ್ನ ರಟ್ಟೆ ತಿನ್ನುತ್ತಿದ್ದ ಕೆಲಸವನ್ನು ಕಬ್ಬಿಣ ಮಾಡುವುದನ್ನು ಮಗುವಿನ ಹಾಗೆ ನೋಡಿದಳು. ಬೆಣ್ಣೆಯಂಥ ಹಿಟ್ಟು ಬಂತು. ಆರು ಮಂದಿಯೂ ಬಡಿಯಲು ಕೂತರು. ರೊಟ್ಟಿಗಳು ಏರುತ್ತ ಹೋದವು.

ಮೂರೂವರೆಯ ಹೊತ್ತಿಗೆ ಉದ್ದ ಹಲಗೆಯ ಮೇಲೆ ಕೊನೆಯ ಹಿಟ್ಟಿನುಂಡೆಗಳ ಒಂದು ಸಾಲು ಮಾತ್ರ ಉಳಿದಿತ್ತು. ಒಂದು ತುದಿಗೆ ಸಾಯಿರಾ ಕೂತಳು. ಅಖ್ತರ ಕೈ ತೊಳೆದು ಬಂದು ಇನ್ನೊಂದು ತುದಿಯಲ್ಲಿ ನಿಂತ.

"ಎದುರು ಬರ್ಲೇನು?" ಈ ಸಲ ಕೇಳಿದ.

ಅವಳು ತಲೆ ಎತ್ತದೆ, "ಬಾ," ಎಂದಳು.

ಅವನ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. "ಇವನ್ನ ಮದುವಿ ಮನಿಗೆ ಕಳಿಸಿದ್ರ ಬೀಗರು ಜಗಳ ತೆಗೀತಾರ. ನಮ್ಮ ಊಟಕ್ಕ ಇಡ್ರಿ," ಎಂದು ಸಾವಂತ್ರೆವ್ವ ನಕ್ಕಳು. ಸಾಲು ಎರಡೂ ಕಡೆಯಿಂದ ಕರಗುತ್ತ ಬಂತು. ನಡುವೆ ಒಂದೇ ಒಂದು ಉಂಡೆ ಉಳಿದಾಗ ಅಖ್ತರ ಕೈ ಹಿಂದಕ್ಕೆಳೆದುಕೊಂಡ.

"ಯಾಕ ನಿಂತಿ?"

"ನಿಂದು ನೀ ಮುಗಸು, ಮಹಾರಾಣಿ."

ಸಾಯಿರಾ ಆ ಉಂಡೆಯನ್ನು ತೆಗೆದುಕೊಂಡು ನಿಧಾನವಾಗಿ, ಬೇಕೆಂದೇ ಬಹಳ ನಿಧಾನವಾಗಿ ಬಡಿದಳು. ಅವನು ಎದುರಿಗೆ ಕುಕ್ಕರಗಾಲಲ್ಲಿ ಕೂತು ಕಾದ.

"ಮನ್ಯಾಗ ಅಮ್ಮಿ ಅದಾಳ," ಎಂದಳು, ಕಣ್ಣು ರೊಟ್ಟಿಯ ಮೇಲೆಯೇ ಇಟ್ಟು. "ನಿನ್ನ ಮನಸಿನ್ಯಾಗ ಏನರ ಇದ್ರ ಸಂಜಿಕ ಬಂದು ಕೇಳು."

"ಬಾಗಲಾ ಬಡಿಬೇಕೇನು?"

"ಬ್ಯಾಡ... ತೆಗದ ಇಟ್ಟಿರ್ತೇನಿ."